ಸೊನ್ನೆ ಕ್ರೆಡಿಟ್ಟಿನ ಮೈದಾನ

ನವೆಂಬರ್‌ನಲ್ಲಿ ಆಗಬೇಕಿದ್ದ ನಮ್ಮ ರಾಜ್ಯೋತ್ಸವದ ಪಿಕ್ನಿಕ್ ಹೊಗೆಯ ಕಾರಣಕ್ಕೆ ಫೆಬ್ರವರಿಗೆ ಹೋಯಿತು. ದಿಲ್ಲಿಯಲ್ಲಿರುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೀಪಾವಳಿಯ ಹೊತ್ತಿಗೆ ಇಲ್ಲಿನ ಆಕಾಶ ಹೇಗಿರುತ್ತದೆಂದು ಗೊತ್ತಿದ್ದೂ ನವೆಂಬರ್ 1ರ ಆಸುಪಾಸಿನ ಭಾನುವಾರವನ್ನೇ ಗೊತ್ತು ಮಾಡುವುದು, ಆಮೇಲೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮುಂದೂಡುವುದು ನಮ್ಮ ಬಳಗದ ವಾಡಿಕೆ. ಕೊನೆಗೂ ಬಿಸಿಲು ಬಿದ್ದ ಒಂದು ಭಾನುವಾರ ರೋಹಿಣಿಯ ಜಪಾನೀಸ್ ಪಾರ್ಕಿನಲ್ಲಿ ಚಿತ್ರಾನ್ನ, ಕೋಸಂಬರಿ, ಮೊಸರನ್ನದ ಡಬ್ಬಿಗಳೊಂದಿಗೆ ಮೂವತ್ತು ಜನ ಸೇರಿದೆವು. (ಪಾರ್ಕಿನ ಸರ್ಕಾರಿ ಹೆಸರು ಸ್ವರ್ಣ ಜಯಂತಿ ಪಾರ್ಕ್. ಆ ಹೆಸರು ಹೇಳಿದರೆ ಆಟೊದವರು ಮುಖ ನೋಡುತ್ತಾರೆ.) ಊಟಕ್ಕೆ ಮೊದಲು ಹಗ್ಗಜಗ್ಗಾಟ. ಹಳೇ ಮೈಸೂರಿನವರು ಒಂದು ಕಡೆ, ಉತ್ತರ ಕರ್ನಾಟಕದವರು ಇನ್ನೊಂದು ಕಡೆ. ನಾನು ದಾವಣಗೆರೆಯವನಾದ್ದರಿಂದ ಎರಡೂ ಕಡೆಯವರು ಕರೆದರು. ಹೋದೆ, ಹಗ್ಗ ಹಿಡಿದೆ, ಎಳೆದೆ. ನಾಲ್ಕನೇ ಎಳೆತಕ್ಕೆ ಸೊಂಟ ಹಿಡಿದುಕೊಂಡಿತು. ಚಿತ್ರಾನ್ನವನ್ನು ಹುಲ್ಲಿನ ಮೇಲೆ ಮಲಗಿಕೊಂಡೇ ತಿಂದೆ.

ಮರುದಿನ ಮನೆ ಹತ್ತಿರದ ಫಿಸಿಯೊಥೆರಪಿಸ್ಟ್ ಬಳಿ ಹೋದೆ. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವರು. ನೋವು ಎಲ್ಲಿ, ಎಷ್ಟು ಹೊತ್ತು ಕೂರುತ್ತೀರಿ ಎಂದೆಲ್ಲ ಕೇಳಿ, ಮೂಲೆಯಲ್ಲಿದ್ದ ಖಾಲಿ ಬಕೆಟ್ ತೋರಿಸಿ, ಅದನ್ನು ಎತ್ತುವಂತೆ ಮೆಲ್ಲಗೆ ಬಾಗಿ ತೋರಿಸಿ ಅಂದರು. ಮೊಣಕಾಲು ಮಡಿಸದೆ, ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ ಕೈ ಚಾಚಿದೆ. ಅವರು ಅಲ್ಲೇ ತಡೆದರು. ‘ಆಪ್‌ಕೋ ಝುಕ್‌ನಾ ಕಿಸೀನೆ ಸಿಖಾಯಾ ನಹೀಂ?’ ನಿಮಗೆ ಬಾಗುವುದನ್ನು ಯಾರೂ ಕಲಿಸಲಿಲ್ಲವೇ ಎಂಬ ಪ್ರಶ್ನೆ. ವ್ಯಂಗ್ಯವೇನೂ ಇರಲಿಲ್ಲ, ನಿಜವಾಗಿಯೇ ಕೇಳಿದರು. ಒಂದನೇ ತರಗತಿಯಿಂದ ಎಂ.ಟೆಕ್.ವರೆಗೆ ಲೆಕ್ಕ ಹಾಕಿದರೆ ನಾನು ಹದಿನೆಂಟು ವರ್ಷ ಓದಿದವನು. ಇಲ್ಲ, ಯಾರೂ ಕಲಿಸಲಿಲ್ಲ.

ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಮನೆಯಿಂದಲೇ ಕೆಲಸ ಮಾಡುತ್ತಿದ್ದ ಆ ವಾರವೇ ಅಕ್ಕನ ಮಗನ ಫೋನ್ ಬಂತು. ನಮ್ಮೂರ ಕಡೆಯ ಒಂದು ಕಾಲೇಜಿನಲ್ಲಿ ಎರಡನೇ ವರ್ಷದ ಎಂಜಿನಿಯರಿಂಗ್ ಓದುತ್ತಿದ್ದಾನೆ. ‘ಮಾಮ, ಈ ಸೆಮ್‌ಗೆ ಪಿ.ಇ. ತಗೊಳ್ಳಾ, ಯೋಗ ತಗೊಳ್ಳಾ, ಎನ್ನೆಸ್ಸೆಸ್ ತಗೊಳ್ಳಾ? ಯಾವುದ್ರಾಗೆ ಕಾಟ ಕಮ್ಮಿ?’ ಅವನ ಪ್ರಶ್ನೆಯಲ್ಲಿ ತಪ್ಪಿಲ್ಲ. ಹಾಗೆ ಕೇಳುವಂತೆ ವ್ಯವಸ್ಥೆ ಮಾಡಿಟ್ಟವರು ನಾವು.

ವ್ಯವಸ್ಥೆ ಏನೆಂದು ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಸ್ಕೀಮಿನಲ್ಲಿ ಮೂರನೇ ಸೆಮಿಸ್ಟರ್‌ನಿಂದ ಆರನೇ ಸೆಮಿಸ್ಟರ್‌ವರೆಗೆ ಎನ್ನೆಸ್ಸೆಸ್, ದೈಹಿಕ ಶಿಕ್ಷಣ, ಯೋಗ ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಕಡ್ಡಾಯ. ಮುಗಿಸದಿದ್ದರೆ ಪದವಿ ಸಿಗುವುದಿಲ್ಲ. ಆದರೆ ಅದರ ಕ್ರೆಡಿಟ್ ಸೊನ್ನೆ. ಎಸ್‌ಜಿಪಿಎ, ಸಿಜಿಪಿಎ ಲೆಕ್ಕಕ್ಕೂ ಬರುವುದಿಲ್ಲ. ಅದೇ ಸ್ಕೀಮಿನ ಮೊದಲ ವರ್ಷದಲ್ಲಿ ‘ಸೈಂಟಿಫಿಕ್ ಫೌಂಡೇಷನ್ಸ್ ಆಫ್ ಹೆಲ್ತ್’ ಎಂಬ ಒಂದು ವಿಷಯವಿದೆ. ಆರೋಗ್ಯ ಎಂದರೇನು, ವ್ಯಾಯಾಮ ಏಕೆ ಬೇಕು, ದುಶ್ಚಟಗಳಿಂದ ಏನಾಗುತ್ತದೆ ಎಂಬುದನ್ನೆಲ್ಲ ಓದಿ, ನಾಲ್ಕು ಉತ್ತರಗಳಲ್ಲಿ ಸರಿಯಾದದ್ದನ್ನು ಗುರುತಿಸುವ ಪರೀಕ್ಷೆ ಬರೆಯುವುದು. ಅದಕ್ಕೆ ಒಂದು ಕ್ರೆಡಿಟ್ ಉಂಟು. ಅಂದರೆ ಬೆಂಚಿನ ಮೇಲೆ ಕೂತು ವ್ಯಾಯಾಮದ ಬಗ್ಗೆ ಸರಿಯುತ್ತರಕ್ಕೆ ಗುರುತು ಹಾಕಿದರೆ ಕ್ರೆಡಿಟ್, ಎದ್ದು ಹೋಗಿ ವ್ಯಾಯಾಮ ಮಾಡಿದರೆ ಸೊನ್ನೆ.

ನನ್ನ ಕಸುಬಿನವರಿಗೆ ಇದರ ವಿಚಿತ್ರ ತಕ್ಷಣ ತಿಳಿಯುತ್ತದೆ. ಸಿ ಪ್ರೋಗ್ರಾಮಿಂಗಿಗೆ ಲ್ಯಾಬ್ ಬೇಡ, ಪುಸ್ತಕ ಓದಿದರೆ ಸಾಕು ಎಂದು ಯಾವ ವಿಶ್ವವಿದ್ಯಾಲಯವೂ ಹೇಳುವುದಿಲ್ಲ. ಸೆಮಿಕೋಲನ್ ಬಿಟ್ಟು, ಎರರ್ ಬಂದು, ತಲೆ ಕೆರೆದುಕೊಂಡು, ಪಕ್ಕದವನನ್ನು ಕೇಳಿ ತಿದ್ದಿಕೊಂಡರೆ ಮಾತ್ರ ಕೋಡ್ ಕೈಗೆ ಹತ್ತುತ್ತದೆ. ಮೈಯ ವಿಷಯವೂ ಹಾಗೆಯೇ. ಬಾಗುವುದು, ಓಡುವುದು, ಭಾರ ಎತ್ತುವುದು, ಬಿದ್ದರೆ ಪೆಟ್ಟಾಗದಂತೆ ಬೀಳುವುದು ಇವೆಲ್ಲ ಯಾರಾದರೂ ಎದುರಿಗೆ ನಿಂತು ತಿದ್ದಿದರೆ ಬರುವ ವಿದ್ಯೆಗಳು.

ನಾನು ಬಿ.ಇ. ಓದುವಾಗ ಈ ಸೊನ್ನೆ ಕ್ರೆಡಿಟ್ಟೂ ಇರಲಿಲ್ಲ. ಕಾಲೇಜಿನಲ್ಲಿ ಕ್ರೀಡಾ ವಿಭಾಗ ಇತ್ತು. ಬೀಗ ಹಾಕಿದ ಒಂದು ಕೋಣೆ, ಅದರೊಳಗೆ ಕ್ರಿಕೆಟ್ ಕಿಟ್ಟು, ವಾಲಿಬಾಲ್ ನೆಟ್ಟು, ಗಾಜಿನ ಬೀರುವಿನಲ್ಲಿ ಕಪ್ಪುಗಳು. ವರ್ಷದ ಮೊದಲ ತಿಂಗಳಲ್ಲಿ ಸೆಲೆಕ್ಷನ್ ನಡೆಯುತ್ತಿತ್ತು. ಆಗಲೇ ಆಡಲು ಬರುತ್ತಿದ್ದ ಐವತ್ತು ಹುಡುಗರು ಆಯ್ಕೆಯಾಗುತ್ತಿದ್ದರು. ಉಳಿದ ಎರಡು ಸಾವಿರ ಜನ ಫೈನಲ್ ದಿನ ಚಪ್ಪಾಳೆ ತಟ್ಟಬೇಕು. ಮೊದಲ ವರ್ಷ ನಾನೂ ಧೈರ್ಯ ಮಾಡಿ ಬ್ಯಾಡ್ಮಿಂಟನ್ ಕಲಿಯಬೇಕು ಸರ್ ಎಂದು ಆ ಕೋಣೆಗೆ ಹೋಗಿದ್ದೆ. ‘ಕಲಿಯೋದಾ? ಆಡೋಕೆ ಬರುತ್ತಾ ಇಲ್ವಾ ಹೇಳು’ ಅಂದರು. ಬರುವುದಿಲ್ಲ ಎಂದೆ. ‘ಹಾಗಾದ್ರೆ ಇಲ್ಲಿಗ್ಯಾಕೆ ಬಂದೆ?’ ಗಣಿತದ ಮೇಷ್ಟರ ಬಳಿ ಹೋಗಿ ಲೆಕ್ಕ ಬರುವುದಿಲ್ಲ ಅಂದರೆ ಅವರು ಹೀಗೆ ಕೇಳುತ್ತಿರಲಿಲ್ಲ. ಆ ಕ್ರೀಡಾ ನಿರ್ದೇಶಕರು ಕೆಟ್ಟವರಲ್ಲ. ಅವರ ಕೆಲಸವನ್ನು ಅಳೆಯುತ್ತಿದ್ದದ್ದು ಬೀರುವಿನ ಕಪ್ಪುಗಳಿಂದ. ಆಡಲು ಬಾರದವನಿಗೆ ಕಲಿಸಿದ್ದಕ್ಕೆ ಯಾರೂ ಕಪ್ಪು ಕೊಡುವುದಿಲ್ಲ.

ಇದು ಇವತ್ತಿಗೂ ನಮ್ಮ ವಿಶ್ವವಿದ್ಯಾಲಯಗಳ ಮುಖ್ಯ ಗೊಂದಲ ಎಂದು ನನಗನ್ನಿಸುತ್ತದೆ. ಕ್ರೀಡೆ ಎಂದರೆ ಪ್ರತಿಭೆ ಹುಡುಕುವುದು ಎಂದುಕೊಂಡಿದ್ದೇವೆ. ಹುಡುಕುವುದರಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. ಖೇಲೊ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ ಎರಡನೇ ಆವೃತ್ತಿ 2022ರ ಏಪ್ರಿಲ್–ಮೇನಲ್ಲಿ ನಡೆದದ್ದು ಬೆಂಗಳೂರಿನಲ್ಲಿ, ಆತಿಥ್ಯ ವಹಿಸಿದ್ದ ಜೈನ್ ವಿಶ್ವವಿದ್ಯಾಲಯವೇ ಒಟ್ಟಾರೆ ಚಾಂಪಿಯನ್ ಆಯಿತು. ಮೂಡುಬಿದಿರೆಯ ಹೆಸರು ಹೇಳಿದರೆ ಅಥ್ಲೆಟಿಕ್ಸ್ ಬಲ್ಲವರು ದೇಶದ ಯಾವ ಮೂಲೆಯಲ್ಲಿದ್ದರೂ ತಲೆದೂಗುತ್ತಾರೆ. ಇದೆಲ್ಲ ಇರಬೇಕು, ಇನ್ನೂ ಬೆಳೆಯಬೇಕು. ಆದರೆ ಅದು ಬೇರೆ ಕೆಲಸ. ಜಿಲ್ಲೆಗೊಬ್ಬ ಗಣಿತಜ್ಞನನ್ನು ಹುಡುಕುವುದಕ್ಕೂ ಎಲ್ಲ ಮಕ್ಕಳಿಗೆ ಮಗ್ಗಿ ಕಲಿಸುವುದಕ್ಕೂ ಎಷ್ಟು ವ್ಯತ್ಯಾಸವಿದೆಯೋ ಅಷ್ಟು ವ್ಯತ್ಯಾಸ ಇಲ್ಲಿಯೂ ಇದೆ.

ನಾನಿರುವ ರೋಹಿಣಿಯಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ. ಮೆಟ್ರೊ ಹತ್ತಿದರೆ ಹೆಚ್ಚು ಹೊತ್ತಿಲ್ಲ, ಮಾಡೆಲ್ ಟೌನ್‌ನ ಛತ್ರಸಾಲ್ ಸ್ಟೇಡಿಯಂ ಸಿಗುತ್ತದೆ. ಸುಶೀಲ್ ಕುಮಾರ್‌ನಿಂದ ರವಿ ದಹಿಯಾವರೆಗೆ, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಅಮನ್ ಸೆಹ್ರಾವತ್‌ವರೆಗೆ ಕುಸ್ತಿಯ ಪದಕಗಳು ಬಂದ ಜಾಗ. ಇನ್ನೊಂದು ದಿಕ್ಕಿಗೆ ಬವಾನಾ ರಸ್ತೆಯಲ್ಲಿ ದೆಹಲಿ ತಾಂತ್ರಿಕ ವಿಶ್ವವಿದ್ಯಾಲಯ. ಸೆಕ್ಟರ್ 16ರಲ್ಲಿ ಶಹೀದ್ ಸುಖದೇವ್ ಕಾಲೇಜು, ಸೆಕ್ಟರ್ 22ರಲ್ಲಿ ಮಹಾರಾಜ ಅಗ್ರಸೇನ್ ಎಂಜಿನಿಯರಿಂಗ್ ಕಾಲೇಜು. ಇವುಗಳ ಸುತ್ತ ನೂರಾರು ಪಿ.ಜಿ.ಗಳು. ನಮ್ಮ ಗಲ್ಲಿಯ ಪಿ.ಜಿ.ಯಲ್ಲಿ ಲಿಫ್ಟ್ ಕೆಟ್ಟ ದಿನ ಇಪ್ಪತ್ತರ ಹುಡುಗರು ಮೂರನೇ ಮಹಡಿಗೆ ಹತ್ತಿ ರೇಲಿಂಗ್ ಹಿಡಿದು ನಿಲ್ಲುವುದನ್ನು ಬಾಲ್ಕನಿಯಿಂದ ನೋಡುತ್ತೇನೆ. ಬೆಳಿಗ್ಗೆ ಜಪಾನೀಸ್ ಪಾರ್ಕಿಗೆ ಹೋದರೆ ಚುರುಕಾಗಿ ನಡೆಯುತ್ತಿರುವವರೆಲ್ಲ ಅರವತ್ತು ದಾಟಿದವರು. ಹುಡುಗರು ಆ ಹೊತ್ತಿಗೆ ಮಲಗಿರುತ್ತಾರೆ. ಎದ್ದಿದ್ದರೆ ಜಿಮ್‌ನಲ್ಲಿ ರೀಲ್ ನೋಡಿ ಭಾರ ಎತ್ತುತ್ತಿರುತ್ತಾರೆ.

ರೀಲ್ ನೋಡಿ ಕಲಿಯುವುದು ನಮ್ಮ ಮನೆಗಳಲ್ಲಿ ದಿಗಿಲಿನ ವಿಷಯವೂ ಹೌದು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಸಂಜೆ ಅಮ್ಮ ಫೋನ್ ಮಾಡಿ, ಇನ್ನು ಮೇಲೆ ಆ ಜಿಮ್ಮು ಗಿಮ್ಮು ಬೇಡಪ್ಪ ಅಂದಿದ್ದರು. ಹೊರನಾಡಿನಲ್ಲಿರುವ ಎಷ್ಟೋ ಕನ್ನಡಿಗರಿಗೆ ಆ ಸಂಜೆ ಅದೇ ಫೋನ್ ಬಂದಿರುತ್ತದೆ. 2025ರ ಜೂನ್–ಜುಲೈಯಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಒಂದರ ಹಿಂದೆ ಒಂದು ಬಂದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಾಗುವ ಮೊದಲೇ ಜನ ಸಾಲು ನಿಂತರು. ಭಯ ಸಹಜ. ಆದರೆ ಆ ಸಾಲಿನಲ್ಲಿ ನಿಂತವರಲ್ಲಿ ತಮ್ಮ ನಾಡಿಬಡಿತವನ್ನು ತಾವೇ ಎಣಿಸಬಲ್ಲವರು ಎಷ್ಟು ಮಂದಿ? ಯಾವ ಸುಸ್ತು ಸಹಜ, ಯಾವ ನೋವಿಗೆ ತಕ್ಷಣ ನಿಲ್ಲಿಸಬೇಕು, ಭಾರವನ್ನು ವಾರದಿಂದ ವಾರಕ್ಕೆ ಎಷ್ಟು ಏರಿಸಬಹುದು, ಪಕ್ಕದವನು ಕುಸಿದರೆ ಎದೆ ಒತ್ತುವುದು ಹೇಗೆ? ಇದು ಇಪ್ಪತ್ತನೇ ವಯಸ್ಸಿನಲ್ಲಿ ಹತ್ತು ತರಗತಿಗಳಲ್ಲಿ ಕಲಿಸಬಹುದಾದ ಸಂಗತಿ. ಕಲಿಸದೆ ಬಿಟ್ಟಿದ್ದಕ್ಕೆ ಕೆಲವರು ಜಿಮ್ಮಿಗೆ ಹೆದರುತ್ತಾರೆ, ಇನ್ನು ಕೆಲವರು ಹೆದರಬೇಕಾದಲ್ಲೂ ಹೆದರುವುದಿಲ್ಲ.

ಅಂಕಿಅಂಶ ಬೇಕೆನ್ನುವವರಿಗೆ ಒಂದೇ ಒಂದು ಸಾಕು. ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಮಟ್ಟದ, ಇಲ್ಲವೆ 75 ನಿಮಿಷ ಬಿರುಸಿನ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರ ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. 2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಅಷ್ಟನ್ನೂ ಮಾಡುವುದಿಲ್ಲ. ಹೆಂಗಸರಲ್ಲಿ ನೂರಕ್ಕೆ 57, ಗಂಡಸರಲ್ಲಿ 42.

ಹೆಂಗಸರ ಆ ಅಂಕಿ ನನಗೆ ಅರ್ಥವಾದದ್ದು ನಮ್ಮ ಮೇಲಿನ ಮನೆಯ ಹುಡುಗಿಯಿಂದ. ಈ ಊರಿನ ಒಂದು ಕಾಲೇಜಿನಲ್ಲಿ ಬಿ.ಕಾಂ. ಓದುತ್ತಾಳೆ. ದೆಹಲಿ ವಿಶ್ವವಿದ್ಯಾಲಯ 2022ರಲ್ಲಿ ಹೊಸ ಪದವಿ ಪಠ್ಯಕ್ರಮ ತಂದಾಗ ‘ವ್ಯಾಲ್ಯೂ ಅಡಿಷನ್ ಕೋರ್ಸ್’ಗಳ ಒಂದು ಪಟ್ಟಿ ಮಾಡಿ, ಅದರಲ್ಲಿ ‘ಫಿಟ್ ಇಂಡಿಯಾ’, ‘ಸ್ಪೋರ್ಟ್ಸ್ ಫಾರ್ ಲೈಫ್’, ಯೋಗ ಇವನ್ನೂ ಸೇರಿಸಿತು. ಪ್ರತಿಯೊಂದಕ್ಕೂ ಎರಡು ಕ್ರೆಡಿಟ್. ಇವಳು ಅಂಥದ್ದೊಂದನ್ನು ತೆಗೆದುಕೊಂಡಳು, ಸುಲಭ ಅಂತ. ಮೊದಲ ದಿನ ಮೇಡಂ ಎಲ್ಲರ ಕೈಗೂ ಚೆಂಡು ಕೊಟ್ಟು, ತಲೆಯ ಮೇಲಿನಿಂದ ದೂರಕ್ಕೆ ಎಸೆಯಿರಿ ಅಂದರಂತೆ. ಅರ್ಧಕ್ಕರ್ಧ ಹುಡುಗಿಯರಿಗೆ ಬರಲಿಲ್ಲ. ಏಳನೇ ತರಗತಿಯ ನಂತರ ಯಾರೂ ಚೆಂಡು ಮುಟ್ಟಿರಲಿಲ್ಲ. ಯಾವ ಕಾಲು ಮುಂದಿಡಬೇಕು, ಸೊಂಟ ಹೇಗೆ ತಿರುಗಬೇಕು ಎಂದು ಮೇಡಂ ಒಬ್ಬೊಬ್ಬರ ಬಳಿ ನಿಂತು ತಿದ್ದಿದರು. ಮೂರನೇ ವಾರದಿಂದ ಸಂಜೆ ನಮ್ಮ ಸೊಸೈಟಿಯ ಅಂಗಳದಲ್ಲಿ ಆ ಹುಡುಗಿ ತಮ್ಮನ ಜೊತೆ ಕ್ಯಾಚ್ ಆಡುವುದನ್ನು ನೋಡಿದೆ. ಅವಳ ಅಮ್ಮ ನನ್ನ ಹೆಂಡತಿಯ ಹತ್ತಿರ, ಇಷ್ಟು ದೊಡ್ಡವಳಾಗಿ ಇದೇನು ಆಟ ಎಂದು ದೂರುತ್ತಿದ್ದರು. ದೂರು ಹೇಳುತ್ತಲೇ ಅವರೂ ಒಂದೆರಡು ಸಲ ಚೆಂಡು ಹಿಡಿದರು, ಅದು ಬೇರೆ ಮಾತು.

ಎಲ್ಲ ಕಡೆ ಹೀಗೆಯೇ ನಡೆಯುತ್ತದೆ ಎನ್ನಲಾರೆ. ಇಂಥ ಕೋರ್ಸುಗಳು ಪವರ್‌ಪಾಯಿಂಟ್ ಮತ್ತು ಪ್ರಾಜೆಕ್ಟ್ ಫೈಲ್‌ಗಳಲ್ಲಿ ಮುಗಿದುಹೋದ ಕಥೆಗಳನ್ನೂ ಅವಳ ಸ್ನೇಹಿತರಿಂದಲೇ ಕೇಳಿದ್ದೇನೆ. ಕಾಗದದ ಮೇಲೆ ಎರಡು ಕ್ರೆಡಿಟ್ ಇದ್ದರೆ ಸಾಲದು. ಮೈದಾನದಲ್ಲಿ ಕಲಿಸುವವರು ಇರಬೇಕು, ಗುಂಪು ಚಿಕ್ಕದಿರಬೇಕು. ಆದರೂ ಕ್ರೆಡಿಟ್ ಇದ್ದದ್ದರಿಂದಲೇ ಆ ಹುಡುಗಿ ಅಲ್ಲಿಗೆ ಹೋದಳು, ಟೈಮ್‌ಟೇಬಲ್‌ನಲ್ಲಿ ಅದಕ್ಕೊಂದು ಗಂಟೆ ಸಿಕ್ಕಿತು ಎಂಬುದನ್ನು ಮರೆಯುವಂತಿಲ್ಲ.

ಕರ್ನಾಟಕವೂ ಈ ದಾರಿಯಲ್ಲಿ ಒಮ್ಮೆ ಹೆಜ್ಜೆ ಇಟ್ಟಿತ್ತು. ರಾಷ್ಟ್ರೀಯ ಶಿಕ್ಷಣ ನೀತಿಯನ್ನು 2021ರಲ್ಲಿ ಪದವಿ ತರಗತಿಗಳಿಗೆ ಮೊದಲು ತಂದ ರಾಜ್ಯ ನಮ್ಮದು. ಆಗ ಯೋಗ, ಕ್ರೀಡೆ, ಆರೋಗ್ಯದ ಕೋರ್ಸುಗಳು ಬಿ.ಎ., ಬಿ.ಎಸ್ಸಿ.ಗಳ ಒಳಗೆ ಬಂದವು. 2024ರಲ್ಲಿ ಸರ್ಕಾರ ಮೂರು ವರ್ಷದ ಪದವಿಗೆ ಮರಳಿ, ಚೌಕಟ್ಟು ಬದಲಾಯಿತು. ಯಾವ ಪಕ್ಷದ ನೀತಿ ಒಳ್ಳೆಯದು ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. ನೀತಿ ಬಂದು ಹೋಗುವಾಗೆಲ್ಲ ಮೊದಲು ಅಲುಗಾಡುವುದು ಇಂಥ ಕೋರ್ಸುಗಳು. ಭೌತಶಾಸ್ತ್ರದ ಕ್ರೆಡಿಟ್‌ಗಳು ಯಾರು ಬಂದರೂ ಇರುತ್ತವೆ.

ದೊಡ್ಡಪ್ಪನ ವಿಷಯ ಹೇಳದೆ ಮುಂದೆ ಹೋಗಲಾರೆ. ದಾವಣಗೆರೆಯ ಮಂಡಿಪೇಟೆಯಲ್ಲಿ ಅವರದು ಕಿರಾಣಿ ಅಂಗಡಿ. ಓದಿದ್ದು ಏಳನೇ ಕ್ಲಾಸು. ಮದುವೆಯಾಗುವವರೆಗೂ ಬೆಳಿಗ್ಗೆ ನಾಲ್ಕೂವರೆಗೆ ಗರಡಿಮನೆಗೆ ಹೋಗುತ್ತಿದ್ದರು. ಅವರು ಪೈಲ್ವಾನರಲ್ಲ, ಜಾತ್ರೆಯ ಕುಸ್ತಿಯಲ್ಲಿ ಒಮ್ಮೆಯೂ ಕಣಕ್ಕಿಳಿದವರಲ್ಲ. ಆದರೂ ಉಸ್ತಾದರು ಅವರಿಂದ ದಂಡ, ಬೈಠಕ್ ಮಾಡಿಸುತ್ತಿದ್ದರು, ಕೆಮ್ಮಣ್ಣು ಹದ ಮಾಡಿಸುತ್ತಿದ್ದರು, ತಪ್ಪಿದರೆ ಬೆನ್ನಿಗೆ ಒಂದು ಬಿಡುತ್ತಿದ್ದರು. ಅಲ್ಲಿಗೆ ಬರುತ್ತಿದ್ದವರಲ್ಲಿ ಹಮಾಲರು, ಬಟ್ಟೆ ಗಿರಣಿಯ ಕೆಲಸಗಾರರು, ಅಂಗಡಿಯವರ ಮಕ್ಕಳು ಎಲ್ಲರೂ ಇದ್ದರು. ಹತ್ತು ಜನ ಜಟ್ಟಿಗಳಾದರೆ ತೊಂಬತ್ತು ಜನ ಗಟ್ಟಿ ಮೈಯವರಾಗಿ ಮನೆಗೆ ಹೋಗುತ್ತಿದ್ದರು. ಗರಡಿಯನ್ನು ನಾನು ಹೊಗಳಿ ಅಟ್ಟಕ್ಕೇರಿಸುವುದಿಲ್ಲ. ಹೆಣ್ಣುಮಕ್ಕಳಿಗೆ ಅಲ್ಲಿ ಪ್ರವೇಶವಿರಲಿಲ್ಲ, ಹೊಡೆತವೂ ಇತ್ತು. ಆದರೆ ಕಲಿಯಲು ಬಂದವನಿಗೆ ‘ನಿನಗೆ ಬರುತ್ತಾ’ ಎಂದು ಕೇಳುತ್ತಿರಲಿಲ್ಲ. ಎಪ್ಪತ್ತೆಂಟರ ದೊಡ್ಡಪ್ಪ ಇವತ್ತೂ ನೆಲದ ಮೇಲೆ ಕೂತು ಊಟ ಮಾಡಿ ಕೈ ಊರದೆ ಏಳುತ್ತಾರೆ. ರೋಹಿಣಿಯ ಫಿಸಿಯೊಥೆರಪಿಸ್ಟ್ ನನಗೆ ಎರಡನೇ ವಾರ ಕಲಿಸಿದ ವ್ಯಾಯಾಮಕ್ಕೆ ಅವರ ಚಾರ್ಟಿನಲ್ಲಿ ಸ್ಕ್ವಾಟ್ ಎಂದಿತ್ತು. ವಿಡಿಯೊ ಕಾಲ್‌ನಲ್ಲಿ ಮಾಡಿ ತೋರಿಸಿದರೆ ದೊಡ್ಡಪ್ಪ ನಕ್ಕರು. ‘ಬೈಠಕ್ ಅಲ್ಲೇನೋ ಅದು? ಅದಕ್ಕೂ ಫೀಸ್ ಕೊಟ್ಟೀಯಾ?’

ಹೊರನಾಡಿಗೆ ಹೋಗಿ ಕಾಲೇಜು ಹುಡುಗರಿಗೆ ಮೈ ಬಳಸುವುದನ್ನು ಕಲಿಸಿದ ಕನ್ನಡ ನಾಡಿನವರ ಉದಾಹರಣೆಯೂ ನಮ್ಮಲ್ಲಿದೆ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ 1937ರಲ್ಲಿ ಪುಣೆಯ ಡೆಕ್ಕನ್ ಜಿಮ್‌ಖಾನಾಕ್ಕೆ ಯೋಗ ಕಲಿಸಲು ಹೋದಾಗ ಇನ್ನೂ ಹದಿನೆಂಟು ವರ್ಷ. ಮೈಸೂರಿನಲ್ಲಿ ಕೃಷ್ಣಮಾಚಾರ್ಯರ ಬಳಿ ಕಲಿತಿದ್ದರು. ಮೆಟ್ರಿಕ್ ಪಾಸಾಗಿರಲಿಲ್ಲ, ಮರಾಠಿ ಬರುತ್ತಿರಲಿಲ್ಲ, ಇಂಗ್ಲಿಷ್ ಅಷ್ಟಕ್ಕಷ್ಟೆ. ಎದುರಿಗಿದ್ದ ಶಿಷ್ಯರಲ್ಲಿ ಎಷ್ಟೋ ಜನ ಅವರಿಗಿಂತ ದೊಡ್ಡವರು, ಹೆಚ್ಚು ಓದಿದವರು. ಬಾಲ್ಯದ ಕಾಯಿಲೆಗಳಿಂದ ಸೊರಗಿದ್ದ ತಮ್ಮ ಮೈಯನ್ನೇ ಪಠ್ಯಪುಸ್ತಕ ಮಾಡಿಕೊಂಡು, ಮಾಡಿ ತೋರಿಸಿ, ಮುಟ್ಟಿ ತಿದ್ದಿ ಕಲಿಸಿದರು. ಆರು ತಿಂಗಳಿಗೆಂದು ಹೋದವರು ಪುಣೆಯಲ್ಲೇ ನೆಲೆಸಿದರು. ಆಮೇಲಿನದು ಜಗತ್ತಿಗೆ ಗೊತ್ತು. ನನಗೆ ಮುಖ್ಯವಾಗಿ ಕಾಣುವುದು ಆ ಮೊದಲ ಆರು ತಿಂಗಳು. ಭಾಷೆ ಸರಿಯಾಗಿ ಬಾರದ ಶಿಕ್ಷಕನೂ ಕಲಿಸಬಹುದಾದ ವಿದ್ಯೆ ಅದು, ಏಕೆಂದರೆ ಕಲಿಕೆ ನಡೆಯುವುದು ಮಾತಿನಲ್ಲಿ ಅಲ್ಲ.

ಅಮೆರಿಕದ ಎಂ.ಐ.ಟಿ.ಯ ಹೆಸರು ಕೇಳಿದರೆ ನಮ್ಮ ತಂದೆತಾಯಿಗಳು ಕೈಮುಗಿಯುತ್ತಾರೆ. ಅಲ್ಲಿ ಪದವಿ ವಿದ್ಯಾರ್ಥಿಗಳು ನಾಲ್ಕು ದೈಹಿಕ ಶಿಕ್ಷಣ ಕೋರ್ಸು ಮುಗಿಸಬೇಕು, ಈಜು ಬರುತ್ತದೆಂದು ತೋರಿಸಬೇಕು, ಬಾರದಿದ್ದರೆ ಕಲಿಯಬೇಕು. ಬಿಲ್ಲುಗಾರಿಕೆ, ಕತ್ತಿವರಸೆ, ಪಿಸ್ತೂಲು ಗುರಿ, ಹಾಯಿದೋಣಿ ಈ ನಾಲ್ಕನ್ನೂ ಮುಗಿಸಿದವರಿಗೆ ‘ಕಡಲ್ಗಳ್ಳ’ ಎಂಬ ಪ್ರಮಾಣಪತ್ರವನ್ನೇ ಕೊಡುತ್ತಾರೆ. ತಮಾಷೆ ಅನ್ನಿಸಬಹುದು. ನಮ್ಮಲ್ಲಿ ತಮಾಷೆಗೂ ಜಾಗವಿಲ್ಲದ ಹಾಗೆ ಸೆಮಿಸ್ಟರ್ ತುಂಬಿಟ್ಟಿದ್ದೇವೆ. ನಮ್ಮ ಹಲವು ಐಐಟಿಗಳಲ್ಲೂ ಎನ್‌ಸಿಸಿ, ಎನ್ನೆಸ್ಸೆಸ್ ಅಥವಾ ಕ್ರೀಡೆ ಇವುಗಳಲ್ಲಿ ಒಂದು ಮೊದಲ ವರ್ಷದಲ್ಲಿ ಕಡ್ಡಾಯ. ಐಐಟಿಯವರಿಗೆ ಸಮಯವಿದೆ, ಇತರ ಎಂಜಿನಿಯರಿಂಗ್ ಕಾಲೇಜುಗಳಿಗೆ ಇಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಸಮಯದ ಲೆಕ್ಕ ಹಾಕಿ ನೋಡಿ. ನಮ್ಮ ಕ್ರೆಡಿಟ್ ಪದ್ಧತಿಯಲ್ಲಿ ವಾರಕ್ಕೆ ಎರಡು ಗಂಟೆಯ ಪ್ರಾಯೋಗಿಕ ತರಗತಿಗೆ ಒಂದು ಕ್ರೆಡಿಟ್. ಹದಿನೈದು ವಾರದ ಸೆಮಿಸ್ಟರಿಗೆ 30 ಗಂಟೆ. ವಾರಕ್ಕೆ ಎರಡು ದಿನ ಒಂದೊಂದು ಗಂಟೆ ಮೈದಾನದಲ್ಲಿ ಕಳೆದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ 150 ನಿಮಿಷದಲ್ಲಿ 120 ಅಲ್ಲಿಯೇ ಆಯಿತು. ಉಳಿದ ಅರ್ಧ ಗಂಟೆ ಹಾಸ್ಟೆಲಿನಿಂದ ಕ್ಲಾಸಿಗೆ ನಡೆದರೆ ಬರುತ್ತದೆ. ಕೊಡಬೇಕಾದ್ದು ಸೆಮಿಸ್ಟರಿಗೆ ಇಪ್ಪತ್ತು ಕ್ರೆಡಿಟ್‌ನಲ್ಲಿ ಒಂದು.

ಮೂವತ್ತು ಜನರ ಒಂದು ಗುಂಪು ಸಾಕು. ಮೊದಲ ಮೂರು ವಾರ ಎಲ್ಲರಿಗೂ ಒಂದೇ ಪಾಠ: ನಾಡಿ ಎಣಿಸುವುದು, ಬಾಗುವುದು, ಕೂತು ಏಳುವುದು, ಬೀಳುವುದು, ಎದೆ ಒತ್ತಿ ಜೀವ ಉಳಿಸುವುದು. ಆಮೇಲೆ ಕಬಡ್ಡಿಯೋ, ಬ್ಯಾಡ್ಮಿಂಟನ್ನೋ, ಓಟವೋ, ಯೋಗವೋ, ಈಜುಕೊಳವಿದ್ದಲ್ಲಿ ಈಜೋ, ಅವರವರ ಆಯ್ಕೆ. ಸಿಂಥೆಟಿಕ್ ಟ್ರ್ಯಾಕ್ ಬೇಕಿಲ್ಲ. ಕಬಡ್ಡಿಗೆ, ಖೊಖೊಗೆ ಬೇಕಾದ್ದು ಕಲ್ಲಿಲ್ಲದ ನೆಲ, ಅಷ್ಟೆ. ಹಾಂ, ಹುಡುಗಿಯರು ಬಟ್ಟೆ ಬದಲಿಸಲು ಒಂದು ಕೋಣೆ, ನೀರು ಬರುವ ಶೌಚಾಲಯ ಬೇಕೇ ಬೇಕು. ಇದಿಲ್ಲದೆ ಹುಡುಗಿಯರೇ ಬರುವುದಿಲ್ಲ ಎಂದು ದೂರುವ ಕಾಲೇಜುಗಳು ಮೊದಲು ಬಾಗಿಲಿಗೆ ಚಿಲಕ ಇದೆಯೇ ನೋಡಿಕೊಳ್ಳಲಿ.

ಇದಕ್ಕೆ ಬರುವ ಒಂದು ಆಕ್ಷೇಪವನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಮೈಕಟ್ಟಿಗೆ ಅಂಕ ಕೊಡುವುದು ಅನ್ಯಾಯ. ದಪ್ಪಗಿರುವವರು, ಉಬ್ಬಸವಿರುವವರು, ಅಂಗವೈಕಲ್ಯವಿರುವವರು ಎಲ್ಲರೆದುರು ನಗೆಪಾಟಲಾಗುತ್ತಾರೆ. ನಿಜ. ಶಾಲೆಯಲ್ಲಿ ಓಟದ ಸಾಲಿನ ಕೊನೆಯಲ್ಲಿ ನಿಂತವನಿಗೆ ಅದು ಗೊತ್ತು, ನಾನೂ ಅಲ್ಲೇ ನಿಲ್ಲುತ್ತಿದ್ದೆ. ಅದಕ್ಕೇ ಅಂಕ, ಗ್ರೇಡ್, ರ‍್ಯಾಂಕ್ ಯಾವುದೂ ಬೇಡ. ಪಾಸು, ಇಲ್ಲವೇ ಮತ್ತೊಮ್ಮೆ ಬಾ. ಮೊದಲ ವಾರ ಎರಡು ಬೈಠಕ್ ಮಾಡಿದವಳು ಕೊನೆಯ ವಾರ ಹತ್ತು ಮಾಡಿದರೆ ಅವಳು ಪಾಸು, ಪಕ್ಕದವನು ಐವತ್ತು ಮಾಡಿದರೂ ಅದರ ಹಂಗಿಲ್ಲ. ಗಾಲಿಕುರ್ಚಿಯಲ್ಲಿ ಕೂತು ಮಾಡಬಹುದಾದ ವ್ಯಾಯಾಮಗಳನ್ನು ಕಲಿಸಬಲ್ಲವರು ಬೇಕು. ಅಂಥವರಿಗೆ ದಿನಗೂಲಿಯಂತೆ ಗೌರವಧನ ಕೊಟ್ಟರೆ ಆಗುವುದಿಲ್ಲ, ಪ್ರಾಧ್ಯಾಪಕರ ಸಾಲಿನಲ್ಲಿ ಕೂರಿಸಬೇಕು. ಹಾಜರಾತಿ ಹಾಕಿ ಕಳಿಸಿಬಿಡುವುದು, ಸೆಮಿಸ್ಟರ್ ಕೊನೆಗೆ ಒಂದೇ ದಿನ ಎಲ್ಲರ ರೆಕಾರ್ಡಿಗೆ ಸಹಿ ಹಾಕುವುದು, ಈ ರೋಗ ಲ್ಯಾಬ್‌ಗಳಿಗೂ ಇದೆ. ಹಾಗೆಂದು ಯಾರೂ ಲ್ಯಾಬ್ ಮುಚ್ಚಲಿಲ್ಲ.

ಊರಿನಲ್ಲಿರುವವರಿಗೆ ಒಂದು ಮಾತು ಹೇಳುವುದಿದೆ, ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ. ದಿಲ್ಲಿಯಲ್ಲಿ ಇಂಥ ತರಗತಿ ನಡೆಸುವವರಿಗೆ ವರ್ಷದಲ್ಲಿ ಮೂರು ತಿಂಗಳು ಮೈದಾನವೇ ಇರುವುದಿಲ್ಲ. 2024ರ ನವೆಂಬರ್‌ನಲ್ಲಿ ಗಾಳಿ ಕೆಟ್ಟು ದೆಹಲಿ ವಿಶ್ವವಿದ್ಯಾಲಯವೂ ಜೆಎನ್‌ಯುವೂ ಪಾಠಗಳನ್ನು ಆನ್‌ಲೈನ್‌ಗೆ ಹಾಕಬೇಕಾಯಿತು. ಮರುವರ್ಷ ಶಾಲಾ ಮಕ್ಕಳ ಕ್ರೀಡಾಕೂಟಗಳನ್ನು ಹೊಗೆಯ ತಿಂಗಳುಗಳಿಂದ ಆಚೆಗೆ ಸರಿಸುವ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆ ದಿನಗಳಲ್ಲಿ ರೋಹಿಣಿಯಲ್ಲಿ ಓಡುವುದು ಆರೋಗ್ಯಕ್ಕೆ ಹಾನಿ. ಮೇ–ಜೂನ್‌ನಲ್ಲಿ ಬೆಳಿಗ್ಗೆ ಏಳಕ್ಕೇ ಬಿಸಿಗಾಳಿ. ಇಲ್ಲಿನವರು ಓಟವನ್ನು ಫೆಬ್ರವರಿ–ಮಾರ್ಚಿಗೆ ಇಟ್ಟುಕೊಂಡು, ಚಳಿಗಾಲಕ್ಕೆ ಒಳಾಂಗಣದ ಯೋಗ, ಟೇಬಲ್ ಟೆನಿಸ್, ಶಕ್ತಿ ವ್ಯಾಯಾಮ ಎಂದು ಹೊಂದಿಸಿಕೊಳ್ಳಬೇಕು. ಮಲೆನಾಡಿನ ಮಳೆ, ಕಲಬುರಗಿಯ ಬೇಸಿಗೆ ಬಿಟ್ಟರೆ ನಮ್ಮ ನಾಡಿನ ಬಹುಪಾಲು ಕಾಲೇಜುಗಳಿಗೆ ಆ ಪಡಿಪಾಟಲಿಲ್ಲ. ಧಾರವಾಡದ, ಮೈಸೂರಿನ, ದಾವಣಗೆರೆಯ ಡಿಸೆಂಬರ್ ಬೆಳಗಿನ ಗಾಳಿ ಎಂಥದೆಂದು ಅದನ್ನು ಬಿಟ್ಟು ಬಂದವರನ್ನು ಕೇಳಿ. ಹೋದ ಬಾರಿ ಊರಿಗೆ ಹೋದಾಗ ನಾನು ಓದಿದ ಕಾಲೇಜಿನ ಮೈದಾನ ನೋಡಿಬಂದೆ. ಅರ್ಧಕ್ಕೆ ಹೊಸ ಬ್ಲಾಕ್ ಎದ್ದಿದೆ, ಉಳಿದರ್ಧದಲ್ಲಿ ಕಾಲೇಜು ಬಸ್ಸುಗಳು ನಿಂತಿವೆ. ಬೀರುವಿನಲ್ಲಿ ಕಪ್ಪುಗಳು ಹೆಚ್ಚಾಗಿವೆ.

ಅಕ್ಕನ ಮಗನಿಗೆ ನಾನು ಹೇಳಿದ್ದು ಇಷ್ಟೆ. ಕಾಟ ಯಾವುದರಲ್ಲಿ ಕಮ್ಮಿ ಎಂದು ನನಗೆ ಗೊತ್ತಿಲ್ಲ. ಕ್ರೆಡಿಟ್ ಸೊನ್ನೆಯೇ ಇರಲಿ, ನಿಜವಾಗಿ ಮೈದಾನಕ್ಕೆ ಇಳಿಸುವ ಮೇಷ್ಟರು ಯಾರು ಅಂತ ಸೀನಿಯರ್‌ಗಳನ್ನು ಕೇಳು, ಅವರ ಹತ್ತಿರ ಹೋಗು. ಅವನು ಒಪ್ಪಿದನೋ, ಫೋನ್ ಇಡಲಿ ಅಂತ ಹೂಂ ಅಂದನೋ ತಿಳಿಯಲಿಲ್ಲ.

ಹತ್ತು ದಿನ ಬಿಟ್ಟು ವಾಯ್ಸ್ ಮೆಸೇಜ್ ಬಂತು. ಪಿ.ಇ. ತಗೊಂಡಿದ್ದಾನೆ. ‘ಮಾಮ, ಎರಡು ರೌಂಡಿಗೇ ವಾಂತಿ ಬಂತು. ಸರ್ ಏನೂ ಅನ್ನಲಿಲ್ಲ, ನೀರು ಕೊಟ್ರು, ನಾಳೆ ಒಂದೇ ರೌಂಡ್ ಹೊಡಿ ಅಂದ್ರು. ಆದ್ರೆ ಚಪ್ಪಲಿ ಹಾಕ್ಕೊಂಡು ಬರಬೇಡ ಅಂದಾರೆ. ಶೂ ಒಂದು ಕಳಿಸ್ತೀಯಾ? ಒಂಬತ್ತನೇ ನಂಬರು.’